ಆರಿಸಿದ್ದು ದೇವರೋ, ನಾನೋ? ರಕ್ಷಣೆಯ ಬಗ್ಗೆ ಕ್ರೈಸ್ತರ ನಾಲ್ಕು ಉತ್ತರಗಳು

ಕಾರವಾರದಿಂದ ಭಟ್ಕಳದವರೆಗೆ ಕ್ರೈಸ್ತರ ಮನೆ ಅಂದರೆ ಹೆಚ್ಚಾಗಿ ಕೊಂಕಣಿ ಮಾತಾಡುವ ಕಥೋಲಿಕರ ಮನೆ. ಭಾನುವಾರ ಇಗರ್ಜಿ, ಡಿಸೆಂಬರ್ 3ಕ್ಕೆ ಚಂದಾವರದ ಹಬ್ಬ, ಆಗಾಗ ಹಳೇ ಗೋವಾ. ಈಗ ಅದೇ ಮನೆಯಲ್ಲಿ ಮಗ ಮೊಬೈಲಿನಲ್ಲಿ ಬೆಂಗಳೂರಿನ ಯಾವುದೋ ರಿಫಾರ್ಮ್ಡ್ ಸಭೆಯ, ಅಂದರೆ 16ನೆಯ ಶತಮಾನದ ಸುಧಾರಕ ಕಾಲ್ವಿನ್ನನ ದಾರಿ ಹಿಡಿದ ಪ್ರೊಟೆಸ್ಟೆಂಟ್ ಸಭೆಯ, ಪ್ರಸಂಗ ಕೇಳುತ್ತಾನೆ. ಸೊಸೆ ಧಾರವಾಡದ ಸಿಎಸ್‌ಐ ಸಭೆಯಲ್ಲಿ ಬೆಳೆದವಳು. ಚಿಕ್ಕಮ್ಮ ಪೆಂತೆಕೋಸ್ತ್ ಪ್ರಾರ್ಥನಾಕೂಟಕ್ಕೆ ಹೋಗಲು ಶುರುಮಾಡಿದ್ದಾರೆ. ಊಟಕ್ಕೆ ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಒಂದು ಕಡೆ ಬಂದು ನಿಲ್ಲುತ್ತದೆ. ರಕ್ಷಣೆಗೆ ದೇವರು ನನ್ನನ್ನು ಮೊದಲೇ ಆರಿಸಿದ್ದಾನಾ? ಅಥವಾ ಆತ ಕರೆದಾಗ ಹೂಂ ಅಂದದ್ದು ನಾನಾ?

ಈ ಬರಹ ಅಂಥ ಮನೆಯವರಿಗೆ. ಯಾವ ಉತ್ತರ ಒಪ್ಪಿದರೆ ಏನು ಸಿಗುತ್ತದೆ, ಏನು ಕೈಬಿಡುತ್ತದೆ ಅಂತ ನೋಡೋಣ. ನನ್ನ ಒಲವು ಯಾವ ಕಡೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಮೊದಲು ಎರಡು ಗೊಂದಲ

2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಸತ್ತರು. 'ಇದೂ ದೇವರು ಮೊದಲೇ ಬರೆದದ್ದಾ?' ಅಂತ ಮನಸ್ಸು ಕೇಳಿಯೇ ಕೇಳುತ್ತದೆ. ದೊಡ್ಡ ಪ್ರಶ್ನೆಯೇ ಅದು. ಆದರೆ ನಮ್ಮ ಪ್ರಶ್ನೆ ಅದಲ್ಲ. ಮಳೆ, ಸಾವು, ಮೀನಿನ ಸೀಸನ್, ಪರೀಕ್ಷೆಯ ಫಲಿತಾಂಶ ಇವೆಲ್ಲ ದೇವರ ಆಳಿಕೆಯ ವಿಷಯ. ಪೂರ್ವನೇಮಕದ, ಅಂದರೆ ರಕ್ಷಣೆಗೆ ದೇವರು ಮೊದಲೇ ಆರಿಸಿದ್ದಾನೆ ಎಂಬ ಮಾತಿನ, ಜಗಳ ಇರುವುದು ಒಂದೇ ವಿಷಯಕ್ಕೆ: ಪಾಪದಲ್ಲಿ ಬಿದ್ದ ಮನುಷ್ಯ ಕ್ರಿಸ್ತನನ್ನು ನಂಬಿ ರಕ್ಷಣೆ ಹೊಂದುವುದು ಯಾರ ನಿರ್ಧಾರದಿಂದ? ಎರಡನ್ನೂ ಕಲಸಿದರೆ ಮಾತು ಹಣೆಬರಹದ ಕಡೆ ಜಾರಿಹೋಗುತ್ತದೆ. ಆಮೇಲೆ ಯಾರಿಗೂ ಯಾರ ಮಾತೂ ಅರ್ಥವಾಗುವುದಿಲ್ಲ.

ಎರಡನೆಯ ಗೊಂದಲ ಇನ್ನೂ ಹಳೆಯದು. 'ಕಾಲ್ವಿನ್ ಕಡೆಯವರು ಕೃಪೆ ಅನ್ನುತ್ತಾರೆ, ಉಳಿದವರು ಸ್ವಂತ ಪ್ರಯತ್ನ ಅನ್ನುತ್ತಾರೆ' ಅಂತ ಮೊಬೈಲ್ ಪ್ರಸಂಗಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಇದು ತಪ್ಪು. ಮನುಷ್ಯ ತನ್ನ ಬಲದಿಂದಲೇ ಒಳ್ಳೆಯವನಾಗಿ ದೇವರನ್ನು ಸೇರಬಹುದು ಎಂಬ ವಾದಕ್ಕೆ ಪೆಲೇಗಿಯಸ್ ಎಂಬ ಸನ್ಯಾಸಿಯ ಹೆಸರು ಅಂಟಿಕೊಂಡಿದೆ. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ ತನ್ನ ಕೊನೆಯ ಸುಮಾರು ಇಪ್ಪತ್ತು ವರ್ಷ ಅದನ್ನು ಎದುರಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಆ ವಾದವನ್ನು ತಳ್ಳಿಹಾಕಿತು. 529ರಲ್ಲಿ ಆರೆಂಜ್ ಊರಿನಲ್ಲಿ ಸೇರಿದ ಅಂಥದ್ದೇ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಂಬಿಕೆಯ ಮೊದಲ ಮಿಡಿತ ಕೂಡ ಕೃಪೆಯಿಂದಲೇ ಬರುತ್ತದೆ ಎಂದಿತು. ಅದೇ ಸಭೆ ದೇವರು ಯಾರನ್ನೂ ಕೆಟ್ಟದ್ದಕ್ಕೆ ನೇಮಿಸಿಲ್ಲ ಅಂತಲೂ ಹೇಳಿತು. ಹಾಗಾಗಿ ಕಥೋಲಿಕರು, ಲೂಥರನ್ನರು, ಕಾಲ್ವಿನ್ ಕಡೆಯವರು, ಮೆಥೊಡಿಸ್ಟ್ ಪಂಥ ಕಟ್ಟಿದ ವೆಸ್ಲಿಯ ಕಡೆಯವರು ಎಲ್ಲರೂ ಕೃಪೆಯೇ ಮೊದಲು ಅನ್ನುವವರು. ಜಗಳ ಆಮೇಲಿನದ್ದು.

ಶಿರಸಿ ಕಡೆಯವರಿಗೆ ಇಂಥ ಚರ್ಚೆ ಹೊಸದಲ್ಲ. ಸೋಂದಾದ ವಾದಿರಾಜರ ಮಾಧ್ವ ಪರಂಪರೆಯಲ್ಲಿ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಇದನ್ನು ಕಾಲ್ವಿನ್ನನ ಮಾತಿಗೆ ಹೋಲಿಸುವವರಿದ್ದಾರೆ. ಮೇಲ್ನೋಟಕ್ಕೆ ಸರಿ ಕಾಣುತ್ತದೆ. ಆದರೆ ಮಾಧ್ವರಲ್ಲಿ ಆ ಯೋಗ್ಯತೆ ಜೀವನದ್ದೇ, ಅದಕ್ಕೆ ಆದಿಯಿಲ್ಲ. ಕಾಲ್ವಿನ್ನನಲ್ಲಿ ಎಲ್ಲ ಮನುಷ್ಯರೂ ಒಂದೇ ಪಾಪದಲ್ಲಿ ಬಿದ್ದವರು, ಬೇರೆ ಮಾಡುವುದು ದೇವರ ಆಯ್ಕೆ ಮಾತ್ರ. ಇದಕ್ಕಿಂತ ಹತ್ತಿರದ ಹೋಲಿಕೆ ಶ್ರೀವೈಷ್ಣವರಲ್ಲಿದೆ. ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಏನೂ ಮಾಡಬೇಕಿಲ್ಲ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಹಿಡಿದುಕೊಳ್ಳಬೇಕು. ತೆಂಕಲೆಯವರು ಮೊದಲನೆಯದನ್ನು ಹೇಳುತ್ತಾರೆ, ವಡಕಲೆಯವರು ಎರಡನೆಯದನ್ನು. ಎರಡರಲ್ಲೂ ಹೊತ್ತು ದಾಟಿಸುವುದು ತಾಯಿಯೇ, ಅಲ್ವಾ?

ಒಂದೇ ಬೆಂಚಿನ ಇಬ್ಬರು

ನಾಲ್ಕು ಉತ್ತರಗಳನ್ನೂ ಒಂದೇ ಪ್ರಶ್ನೆಯಿಂದ ಅಳೆಯೋಣ. ಕುಮಟಾದ ಇಬ್ಬರು ಅಣ್ಣತಮ್ಮಂದಿರು ಅಂತಿಟ್ಟುಕೊಳ್ಳಿ. ಒಂದೇ ತಾಯಿ, ಒಂದೇ ಇಗರ್ಜಿ, ಒಂದೇ ಬೆಂಚು. ಒಂದೇ ಪ್ರಸಂಗ ಕೇಳುತ್ತಾರೆ. ತಮ್ಮನ ಮನಸ್ಸು ತಿರುಗುತ್ತದೆ, ಕುಡಿತ ಬಿಡುತ್ತಾನೆ, ಯೇಸುವನ್ನು ನಂಬುತ್ತಾನೆ. ಅಣ್ಣ ಎದ್ದು ಹೋಗಿ ಬೋಟಿನ ಡೀಸೆಲ್ ಲೆಕ್ಕ ನೋಡುತ್ತಾನೆ. ವ್ಯತ್ಯಾಸ ಎಲ್ಲಿಂದ ಬಂತು?

ಕಾಲ್ವಿನ್ ಕಡೆಯವರ ಉತ್ತರ ನೇರ. ವ್ಯತ್ಯಾಸ ದೇವರಿಂದ ಬಂತು. ಇಬ್ಬರ ಮನಸ್ಸೂ ಸತ್ತಿತ್ತು. ದೇವರು ತಮ್ಮನನ್ನು ಎಬ್ಬಿಸಿದ. ತಮ್ಮನಿಗೆ ಸಿಕ್ಕಿದ್ದು ಕರುಣೆ, ಅಣ್ಣನಿಗೆ ಸಿಕ್ಕಿದ್ದು ನ್ಯಾಯ, ಯಾರಿಗೂ ಅನ್ಯಾಯ ಆಗಿಲ್ಲ. ಆಧಾರಕ್ಕೆ ಅವರು ತೆರೆಯುವುದು ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯ, ಎಫೆಸದವರಿಗೆ ಬರೆದ ಪತ್ರದ 1ನೆಯ ಅಧ್ಯಾಯ. ಯಾಕೋಬ ಮತ್ತು ಏಸಾವ, ಕುಂಬಾರ ಮತ್ತು ಮಣ್ಣು, ಜಗತ್ತು ಹುಟ್ಟುವ ಮೊದಲೇ ಆದ ಆಯ್ಕೆ. ಈ ವಾಕ್ಯಗಳನ್ನು ಮೆದುವಾಗಿ ಓದುವುದು ಕಷ್ಟವೇ.

ಆದರೆ ಇವತ್ತು ಕಾಲ್ವಿನ್ನನ ಹೆಸರಲ್ಲಿ ಓಡಾಡುವ ಐದು ಅಂಶಗಳ ಪಟ್ಟಿಯನ್ನು ಆತನೇ ಬರೆದದ್ದಲ್ಲ. ಆತ 1564ರಲ್ಲೇ ತೀರಿಕೊಂಡ. ನೆದರ್‌ಲ್ಯಾಂಡ್ಸಿನಲ್ಲಿ ಆರ್ಮಿನಿಯಸ್ ಎಂಬ ಪ್ರಾಧ್ಯಾಪಕ ಈ ಬೋಧನೆಯ ಬಿಗಿಯನ್ನು ಪ್ರಶ್ನಿಸಿದ. ಆತ ಸತ್ತ ಮರುವರ್ಷ, 1610ರಲ್ಲಿ, ಅವನ ಕಡೆಯವರು ಐದು ಅಂಶಗಳ ಮನವಿ ಕೊಟ್ಟರು. ಅದಕ್ಕೆ ಉತ್ತರವಾಗಿ 1618-19ರಲ್ಲಿ ಡಾರ್ಟ್ ಊರಿನಲ್ಲಿ ಸೇರಿದ ರಿಫಾರ್ಮ್ಡ್ ಮಹಾಸಭೆ ತೀರ್ಪು ಬರೆಯಿತು. ಮನುಷ್ಯ ಪೂರ್ತಿ ಪಾಪದ ಹಿಡಿತದಲ್ಲಿದ್ದಾನೆ. ಆಯ್ಕೆಗೆ ಅವನಲ್ಲಿ ಯಾವ ಕಾರಣವೂ ಇಲ್ಲ. ಕ್ರಿಸ್ತನ ಮರಣ ಎಲ್ಲರಿಗೂ ಸಾಕಾಗುವಷ್ಟಿದ್ದರೂ ಫಲ ಕೊಡುವುದು ಆರಿಸಿಕೊಂಡವರಿಗೆ. ದೇವರು ಒಳಗಿನಿಂದ ಕರೆದರೆ ಆ ಕೃಪೆ ಗೆದ್ದೇ ಗೆಲ್ಲುತ್ತದೆ. ಹಾಗೆ ಗೆದ್ದವರನ್ನು ಕೊನೆತನಕ ದೇವರು ಬಿಡುವುದಿಲ್ಲ.

ಆ ಸಭೆಯ ಸುತ್ತ ಬರೀ ಬೈಬಲ್ ಅಧ್ಯಯನ ಇರಲಿಲ್ಲ, ರಾಜಕೀಯವೂ ಜೋರಾಗಿತ್ತು. ಆರ್ಮಿನಿಯಸ್ ಕಡೆಯವರನ್ನು ಕಾಪಾಡುತ್ತಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು 1619ರ ಮೇ ತಿಂಗಳಲ್ಲಿ ಕಡಿದರು. ಕಾನೂನು ಪಂಡಿತ ಗ್ರೋಷಿಯಸ್‌ನನ್ನು ಕೋಟೆಯಲ್ಲಿ ಕೂಡಿಹಾಕಿದರು. 1621ರಲ್ಲಿ ಅವನು ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪರಾರಿಯಾದ. ಸುಮಾರು 200 ಬೋಧಕರು ಕೆಲಸ ಕಳೆದುಕೊಂಡರು. ಐದು ಅಂಶಗಳನ್ನು ಯಾರಾದರೂ ಆಕಾಶದಿಂದ ಇಳಿದ ಪಟ್ಟಿಯಂತೆ ಓದಿದರೆ ಈ ಕತೆಯನ್ನೂ ಅವರಿಗೆ ಹೇಳಿ. ಪಟ್ಟಿ ತಪ್ಪು ಅಂತ ಇದರಿಂದ ಸಿದ್ಧವಾಗುವುದಿಲ್ಲ. ಅದು ಒಂದು ಜಗಳದ ನಡುವೆ, ಎದುರಾಳಿಯ ಮಾತಿಗೆ ಉತ್ತರವಾಗಿ ಹುಟ್ಟಿದ್ದು ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಈ ಉತ್ತರದಿಂದ ತಮ್ಮನಿಗೆ ಲಾಭ ದೊಡ್ಡದು. ಅವನಿಗೆ ಜಂಬ ಪಡಲು ಜಾಗವೇ ಇಲ್ಲ, ನಾಳೆ ಬಿದ್ದರೂ ಕೈಬಿಡದ ದೇವರು ಇದ್ದಾನೆ. ಬೆಲೆ ತೆರುವುದು ಅಣ್ಣನ ಕಡೆ. 'ನನ್ನನ್ನು ಯಾಕೆ ಎಬ್ಬಿಸಲಿಲ್ಲ?' ಅಂತ ಅವನು ಕೇಳಿದರೆ, 'ಅದು ದೇವರ ಇಷ್ಟ' ಅನ್ನುವುದರ ಆಚೆ ಉತ್ತರವಿಲ್ಲ. ಅವರ ತಾಯಿಯ ಎದುರು ನಿಂತು ಇದನ್ನು ಹೇಳಬಲ್ಲೆನಾ ಅಂತ ನನ್ನನ್ನೇ ಕೇಳಿಕೊಂಡಾಗಲೆಲ್ಲ ನನಗೆ ಬಾಯಿ ಬರುವುದಿಲ್ಲ.

ಒಂದು ಆರೋಪವನ್ನು ಮಾತ್ರ ಇವರ ಮೇಲೆ ಹೊರಿಸಬೇಡಿ: ಎಲ್ಲ ಮೊದಲೇ ನಿಶ್ಚಯವಾದರೆ ಸುವಾರ್ತೆ ಸಾರುವುದು ಯಾಕೆ ಅನ್ನುವುದು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಪೂರ್ವನೇಮಕ ಒಪ್ಪಿದ ಬ್ಯಾಪ್ಟಿಸ್ಟನೇ. ದೇವರು ಗುರಿಯನ್ನು ಮಾತ್ರವಲ್ಲ, ಅಲ್ಲಿಗೆ ಹೋಗುವ ದಾರಿಯನ್ನೂ ನೇಮಿಸಿದ್ದಾನೆ, ಸಾರುವುದೇ ಆ ದಾರಿ ಅಂತ ಅವರು ಹೇಳುತ್ತಾರೆ.

ಕಥೋಲಿಕರ ಎರಡು ಕೋಣೆಗಳು

1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯದ ಯಾವ ಇಗರ್ಜಿಗೆ ಹೋದರೂ ಈ ಚರ್ಚೆ ಪ್ರಸಂಗದಲ್ಲಿ ಕೇಳಿಸುವುದು ಅಪರೂಪ. ಅದಕ್ಕೇ ನಮ್ಮ ಕಥೋಲಿಕರಲ್ಲಿ ಅನೇಕರು ಇದು ಪ್ರೊಟೆಸ್ಟೆಂಟರ ಜಗಳ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಅತಿ ಸೂಕ್ಷ್ಮವಾದ ಜಗಳ ನಡೆದದ್ದು ಅವರ ಮನೆಯಲ್ಲೇ.

ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ 1547ರಲ್ಲಿ ಗಡಿ ಗುರುತಿಸಿತು. ಪಾಪದಿಂದ ಇಚ್ಛೆ ಬಲಗುಂದಿದೆ, ಆದರೆ ಸತ್ತಿಲ್ಲ. ಕೃಪೆ ಮೊದಲು ತಟ್ಟುತ್ತದೆ. ಮನುಷ್ಯ ಒಪ್ಪಬಹುದು, ತಳ್ಳಲೂಬಹುದು. ಅಂದರೆ ಅಣ್ಣ ತನ್ನ ನಿರಾಕರಣೆಗೆ ತಾನೇ ಹೊಣೆ, ತಮ್ಮ ಕೃಪೆಯ ಜೊತೆ ಸಹಕರಿಸಿದ. ಇಲ್ಲಿಯವರೆಗೆ ಎಲ್ಲರೂ ಒಂದೇ. ಮುಂದಿನ ಪ್ರಶ್ನೆಗೆ ಮನೆ ಎರಡು ಕೋಣೆಯಾಯಿತು: ಆ ಸಹಕಾರ ಖಂಡಿತ ಬರುತ್ತದೆ ಅಂತ ದೇವರಿಗೆ ಹೇಗೆ ಗೊತ್ತು?

ಡೊಮಿನಿಕನ್ ಗುರು ಬಾನ್ಯೆಸ್ ಹೇಳಿದ್ದು: ದೇವರು ಕೊಡುವ ಪರಿಣಾಮಕಾರಿ ಕೃಪೆಗೇ ಆ ಶಕ್ತಿಯಿದೆ. ಅದು ಇಚ್ಛೆಯನ್ನು ಅಳಿಸುವುದಿಲ್ಲ, ಒಳಗಿಂದಲೇ ಸ್ವತಂತ್ರವಾಗಿ ಚಲಿಸುವಂತೆ ಮಾಡುತ್ತದೆ. ಯೇಸುಸಭೆಯ (ಜೆಸುಯಿಟ್) ಗುರು ಮೊಲಿನಾ 1588ರಲ್ಲಿ ಬೇರೆ ದಾರಿ ತೋರಿಸಿದ. ಯಾವ ಮನುಷ್ಯ ಯಾವ ಸಂದರ್ಭದಲ್ಲಿ ಸ್ವಂತ ಮನಸ್ಸಿನಿಂದ ಏನು ಮಾಡುತ್ತಾನೆ ಅನ್ನುವುದೆಲ್ಲ ದೇವರಿಗೆ ಮೊದಲೇ ಗೊತ್ತು. ಆ ತಮ್ಮ ಆ ಭಾನುವಾರ ಆ ಪ್ರಸಂಗ ಕೇಳಿದರೆ ಒಪ್ಪುತ್ತಾನೆ ಎಂದು ತಿಳಿದೇ ದೇವರು ಈ ಲೋಕವನ್ನು ಹೀಗೆ ನಡೆಸಿದ. ಇದಕ್ಕೆ ಮಧ್ಯಮ ಜ್ಞಾನ ಎನ್ನುತ್ತಾರೆ. ದೇವರ ಯೋಜನೆಯೂ ಉಳಿಯಿತು, ಮನುಷ್ಯನ ಹೂಂ ಕೂಡ ಉಳಿಯಿತು. ಜಾಣ ಉತ್ತರ, ನಿಜ. ಆದರೆ ಅಣ್ಣ ಇಲ್ಲೂ ಬಿಡುವುದಿಲ್ಲ: 'ನಾನು ಒಪ್ಪುವಂಥ ಇನ್ನೊಂದು ಸಂದರ್ಭ ಇದ್ದಿರಬಹುದಲ್ಲ, ಅಲ್ಲಿ ನನ್ನನ್ನು ಯಾಕೆ ಇಡಲಿಲ್ಲ?'

ಎರಡೂ ಪಂಗಡದವರು ಒಬ್ಬರನ್ನೊಬ್ಬರು ಪಾಷಂಡಿಗಳು ಎನ್ನುವಷ್ಟು ಕಿತ್ತಾಡಿದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಐದನೆಯ ಪಾವ್ಲ್ ಪೋಪ್ ಯಾರನ್ನೂ ಖಂಡಿಸದೆ ಮುಗಿಸಿದರು. ಎರಡೂ ವಾದ ಇಟ್ಟುಕೊಳ್ಳಬಹುದು, ಇನ್ನೊಬ್ಬರನ್ನು ಪಾಷಂಡಿ ಅನ್ನುವ ಹಾಗಿಲ್ಲ, ಕೊನೆಯ ತೀರ್ಪು ಸೂಕ್ತ ಸಮಯದಲ್ಲಿ ಬರುತ್ತದೆ ಅಂದರು. ಆ ತೀರ್ಪು ಇವತ್ತಿಗೂ ಬಂದಿಲ್ಲ! ಚಂದಾವರದ ಇಗರ್ಜಿಯಲ್ಲಿ ನೆನೆಯುವ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಯೇಸುಸಭೆಯವರೇ. ಈ ಜಗಳ ಏಳುವ ಎಷ್ಟೋ ಮುಂಚೆ, 1552ರಲ್ಲೇ ಅವರು ತೀರಿಹೋಗಿದ್ದರು. ಒಟ್ಟಿನಲ್ಲಿ ಕಥೋಲಿಕನಾಗಿ ಉಳಿದೇ ಬಲವಾದ ಪೂರ್ವನೇಮಕ ನಂಬಲು ಜಾಗವಿದೆ. ಸುಮ್ನೆ ಸಭೆ ಬದಲಿಸಬೇಕಿಲ್ಲ.

ಲೂಥರನ್ನರ ಗಂಟು

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ 1525ರಲ್ಲಿ ಎರಾಸ್ಮಸ್ ಎಂಬ ವಿದ್ವಾಂಸನಿಗೆ ಉತ್ತರ ಬರೆಯುವಾಗ ಇಚ್ಛೆ ಬಂಧನದಲ್ಲಿದೆ ಅಂತ ಕಾಲ್ವಿನ್ನನಷ್ಟೇ ಖಾರವಾಗಿ ಹೇಳಿದ. ಆದರೆ ಅವನ ಪರಂಪರೆ 1577ರಲ್ಲಿ ಲೂಥರನ್ನರು ಬರೆದುಕೊಂಡ ನಂಬಿಕೆಯ ಒಪ್ಪಂದದಲ್ಲಿ ಬೇರೆ ಕಡೆ ನಿಂತಿತು. ತಮ್ಮ ನಂಬಿದ್ದು ಪೂರ್ತಿ ದೇವರಿಂದ. ಅಣ್ಣ ನಿರಾಕರಿಸಿದ್ದು ಪೂರ್ತಿ ಅಣ್ಣನಿಂದ. ದೇವರು ಎಲ್ಲರ ರಕ್ಷಣೆಯನ್ನೂ ಬಯಸುತ್ತಾನೆ. ಈ ಮೂರನ್ನೂ ಹೇಳಿ ಅಲ್ಲೇ ನಿಲ್ಲಬೇಕು, ಗಂಟು ಬಿಚ್ಚಲು ಹೋಗಬಾರದು. ತರ್ಕ ಇಷ್ಟಪಡುವವರಿಗೆ ಇದು ಅರ್ಧಕ್ಕೆ ಬಿಟ್ಟ ಲೆಕ್ಕದಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಂಶಯ ಬಂದಾಗ ದೇವರ ಗುಟ್ಟಿನ ಪಟ್ಟಿಯನ್ನು ಹುಡುಕಬೇಡ, ನಿನ್ನ ಸ್ನಾನದೀಕ್ಷೆಯನ್ನು ನೆನೆ ಅನ್ನುವುದು ಇವರ ಸಲಹೆ. ಇದು ಮಂಚ ಹಿಡಿದವರಿಗೂ ಅರ್ಥವಾಗುವ ಮಾತು.

ವೆಸ್ಲಿಯ ಕಡೆ

ನನ್ನ ಒಲವು ಇಲ್ಲಿ. ಜಾನ್ ವೆಸ್ಲಿ ಕೂಡ ಮನುಷ್ಯ ಪೂರ್ತಿ ಕೆಟ್ಟಿದ್ದಾನೆ ಅಂತಲೇ ಶುರುಮಾಡುತ್ತಾನೆ. ಆದರೆ ಕ್ರಿಸ್ತನ ಮರಣದಿಂದಾಗಿ ಎಲ್ಲ ಮನುಷ್ಯರಿಗೂ, ಅವರು ಕೇಳುವ ಮುಂಚೆಯೇ, ಒಂದಿಷ್ಟು ಕೃಪೆ ಬಂದಿರುತ್ತದೆ. ಅದು ಇಚ್ಛೆಗೆ ಉತ್ತರ ಕೊಡುವಷ್ಟು ಶಕ್ತಿ ಮರಳಿಸುತ್ತದೆ. ಅಣ್ಣನಿಗೂ ತಮ್ಮನಿಗೂ ಅದು ಸಿಕ್ಕಿತ್ತು. ಒಬ್ಬ ತಡೆಯಲಿಲ್ಲ, ಒಬ್ಬ ತಡೆದ. ದೇವರಿಗೆ ಎಲ್ಲರೂ ರಕ್ಷಣೆ ಹೊಂದಬೇಕೆಂಬ ಮನಸ್ಸಿದೆ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೆಯ ಅಧ್ಯಾಯ ಹೇಳುತ್ತದಲ್ಲ, ಅದನ್ನು ಸುತ್ತುಬಳಸದೆ ಓದಲು ಇಲ್ಲಿ ಸಾಧ್ಯ. ಅವರ ತಾಯಿಗೂ ಹೇಳಬಹುದು: ದೇವರು ನಿಮ್ಮ ದೊಡ್ಡ ಮಗನನ್ನೂ ಕರೆಯುತ್ತಿದ್ದಾನೆ, ಪ್ರಾರ್ಥನೆ ಬಿಡಬೇಡಿ.

ದೌರ್ಬಲ್ಯ ಇಲ್ಲವೇ? ಇದೆ. ಇಬ್ಬರಿಗೂ ಒಂದೇ ಕೃಪೆ ಸಿಕ್ಕಿದ್ದರೆ ಕೊನೆಗೆ ವ್ಯತ್ಯಾಸ ಮಾಡಿದ್ದು ತಮ್ಮನೇ ಆಯಿತು. ಅವನು ಅಣ್ಣನಿಗಿಂತ ಚೂರು ಒಳ್ಳೆಯವನಾ? ಚೂರು ಬುದ್ಧಿವಂತನಾ? ಕಾಲ್ವಿನ್ ಕಡೆಯವರು ಇಲ್ಲೇ ಬೆರಳಿಡುತ್ತಾರೆ, ಅದು ಸರಿಯಾದ ಜಾಗವೇ. ತಡೆಯದೆ ಇರುವುದು ಸಾಧನೆ ಅಲ್ಲ ಅನ್ನುವುದು ವೆಸ್ಲಿ ಕಡೆಯವರ ಉತ್ತರ. ನನಗೆ ಅದು ಮುಕ್ಕಾಲು ಪಾಲು ಸಾಕೆನಿಸುತ್ತದೆ. ಉಳಿದ ಕಾಲು ಪಾಲನ್ನು ಲೂಥರನ್ನರ ಹಾಗೆ ಗಂಟಾಗಿಯೇ ಬಿಡುತ್ತೇನೆ.

ಇದೇ ವಿಷಯಕ್ಕೆ ವೆಸ್ಲಿ ಮತ್ತು ಅವನ ಗೆಳೆಯ ವೈಟ್‌ಫೀಲ್ಡ್ 1739ರಿಂದ ಬಹಿರಂಗವಾಗಿ ಜಗಳವಾಡಿದರು. ವೈಟ್‌ಫೀಲ್ಡ್ ಪೂರ್ವನೇಮಕದ ಕಡೆಯವನು. 1770ರಲ್ಲಿ ಅವನು ತೀರಿಕೊಂಡಾಗ ಲಂಡನ್ನಿನಲ್ಲಿ ನೆನಪಿನ ಪ್ರಸಂಗ ಮಾಡಿದ್ದು ವೆಸ್ಲಿ, ಅದೂ ವೈಟ್‌ಫೀಲ್ಡ್ ಮೊದಲೇ ಕೇಳಿಕೊಂಡಿದ್ದಂತೆ.

ಇನ್ನೆರಡು ಮಾತು. ಕೈಗಾಕ್ಕೋ ನೌಕಾನೆಲೆಗೋ ಕೇರಳದಿಂದ ಬಂದಿರುವ ಆರ್ಥೊಡಾಕ್ಸ್ ಕುಟುಂಬಗಳನ್ನು ಕೇಳಿದರೆ, ದೇವರು ಮತ್ತು ಮನುಷ್ಯ ಸೇರಿ ಮಾಡುವ ಕೆಲಸ ಅನ್ನುತ್ತಾರೆ. ಅಗಸ್ಟೀನನ ಜಗಳ ಅವರ ಮನೆಗೆ ಅಷ್ಟಾಗಿ ಹೋಗಲೇ ಇಲ್ಲ. ಇನ್ನೊಂದು ಸ್ವಿಟ್ಜರ್‌ಲ್ಯಾಂಡಿನ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್‌ನದ್ದು. ಆರಿಸುವ ದೇವರೂ ಕ್ರಿಸ್ತನೇ, ಆರಿಸಲ್ಪಟ್ಟ ಮನುಷ್ಯನೂ ಕ್ರಿಸ್ತನೇ, ಉಳಿದವರು ಅವನೊಳಗೆ ಅಂತ ಆತ 1942ರಲ್ಲಿ ಬರೆದ. ಆಗ ಅವನು ಪಾಠ ಹೇಳುತ್ತಿದ್ದದ್ದು ಬಾಸೆಲ್‌ನಲ್ಲಿ, ನಮ್ಮ ಕಡೆಗೆ ಮಿಶನರಿಗಳು ಬಂದ ಅದೇ ಊರಿನಲ್ಲಿ. ಹಾಗಾದರೆ ಎಲ್ಲರೂ ರಕ್ಷಣೆ ಹೊಂದುತ್ತಾರಾ ಅಂತ ಕೇಳಿದರೆ ಹೌದು ಅಂತಲೂ ಆತ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

ಆರಿಸುವಾಗ

ನಿಮ್ಮ ಸ್ವಭಾವ ನೋಡಿಕೊಳ್ಳಿ. ತನ್ನನ್ನೇ ಜಾಸ್ತಿ ಕೆದಕಿಕೊಳ್ಳುವವರು ಮೊಬೈಲಿನಲ್ಲಿ ಒಂಟಿಯಾಗಿ ಪೂರ್ವನೇಮಕದ ಪ್ರಸಂಗ ಕೇಳಿದರೆ, 'ನಾನು ಆ ಪಟ್ಟಿಯಲ್ಲಿ ಇಲ್ಲವೇನೋ' ಎಂಬ ಭಯಕ್ಕೆ ಬೀಳುವುದುಂಟು. ಕಾಲ್ವಿನ್ ಸ್ವತಃ ಇದನ್ನು ಕಂಡಿದ್ದ. ನಿನ್ನೊಳಗೆ ಹುಡುಕಬೇಡ, ಕ್ರಿಸ್ತನೇ ನಿನ್ನ ಆಯ್ಕೆ ಕಾಣುವ ಕನ್ನಡಿ ಅಂದಿದ್ದ. ಇನ್ನೊಂದು ಕಡೆಯ ಭಯ ಬೇರೆ ಥರ: 'ನಾನು ಸಾಕಷ್ಟು ನಂಬಿದೆನಾ? ನಿನ್ನೆಯ ಪಾಪದಿಂದ ರಕ್ಷಣೆ ಹೋಯಿತಾ?' ಹೆಚ್ಚಿನ ಪೆಂತೆಕೋಸ್ತ್ ಸಭೆಗಳಲ್ಲಿ, ವೆಸ್ಲಿಯವರಲ್ಲಿ, ಕಥೋಲಿಕರಲ್ಲಿ ರಕ್ಷಣೆ ಕಳೆದುಕೊಳ್ಳುವುದು ಸಾಧ್ಯ. ಕಥೋಲಿಕರಿಗೆ ಅದಕ್ಕೆ ಪಾಪನಿವೇದನೆಯ ದಾರಿ ಇದೆ. ಕೆಲವು ಬ್ಯಾಪ್ಟಿಸ್ಟ್ ಸಭೆಗಳು ಅರ್ಧ ಅಲ್ಲಿಂದ, ಅರ್ಧ ಇಲ್ಲಿಂದ ತೆಗೆದುಕೊಂಡಿವೆ: ನಂಬುವುದು ನಿನ್ನ ಇಚ್ಛೆ, ಒಮ್ಮೆ ನಂಬಿದರೆ ಹೋಗುವುದಿಲ್ಲ.

ಹೊಸ ಸಭೆಗೆ ಹೋಗುತ್ತಿದ್ದರೆ ಫಲಕ ನೋಡಿ ತೀರ್ಮಾನಿಸಬೇಡಿ. ಸಿಎಸ್‌ಐ ಅನ್ನುವುದು 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮುಂತಾದವರು ಕೂಡಿ ಆದ ಸಭೆ. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನಲ್ಲೂ ಲೂಥರನ್ನರು, ರಿಫಾರ್ಮ್ಡ್ ಕಡೆಯವರು ಇಬ್ಬರೂ ಇದ್ದರು. ಹಾಗಾಗಿ ಸಭಾಪಾಲಕರನ್ನೇ ನೇರವಾಗಿ ಕೇಳಿ: ಕ್ರಿಸ್ತ ಎಲ್ಲರಿಗಾಗಿ ಸತ್ತನಾ? ಕೃಪೆಯನ್ನು ತಡೆಯಬಹುದಾ? ನಂಬಿದವನು ಬಿದ್ದುಹೋಗಬಹುದಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ಇನ್ನೊಂದು ಪ್ರಶ್ನೆಯೂ ಕೇಳಿ: ನಿಮ್ಮ ಹಾಗೆ ನಂಬದವರು ಕ್ರೈಸ್ತರಾ? ಇದಕ್ಕೆ 'ಅಲ್ಲ' ಅಂದರೆ ನಾನಾಗಿದ್ದರೆ ಅಲ್ಲಿಂದ ಎದ್ದು ಬರುತ್ತೇನೆ.

ಕಥೋಲಿಕ ಹುಡುಗ, ಸಿಎಸ್‌ಐ ಹುಡುಗಿ ಮದುವೆ ಮಾತಾಡುತ್ತಿದ್ದರೆ ಈ ವಿಷಯಕ್ಕೆ ಮದುವೆ ನಿಲ್ಲಬೇಕಿಲ್ಲ. ನಂಬಿಕೆಯಿಂದ ನೀತಿವಂತರಾಗುವ ವಿಷಯದಲ್ಲಿ ಲೂಥರನ್ನರೂ ಕಥೋಲಿಕರೂ 1999ರಲ್ಲಿ ಜಂಟಿ ಹೇಳಿಕೆಗೆ ಸಹಿ ಹಾಕಿದ್ದಾರೆ. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಅದಕ್ಕೆ ಸೇರಿಕೊಂಡವು. ಪೂರ್ವನೇಮಕದ ಗಂಟು ಅದರಲ್ಲಿ ಬಿಚ್ಚಿಲ್ಲ, ಆದರೆ ಬುಡದ ಒಪ್ಪಿಗೆ ಇದೆ. ನಿಜವಾಗಿ ಕೂತು ಮಾತಾಡಬೇಕಾದ್ದು ಬೇರೆ. ಇಂಥ ಮದುವೆಗೆ ಕಥೋಲಿಕರ ಕಡೆ ಬಿಷಪ್ಪರ ಅನುಮತಿ ಬೇಕು. ಮಕ್ಕಳಿಗೆ ಕಥೋಲಿಕ ಸ್ನಾನದೀಕ್ಷೆ ಕೊಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಕಥೋಲಿಕ ಸಂಗಾತಿ ಮಾತು ಕೊಡಬೇಕು, ಅದು ಇನ್ನೊಬ್ಬರಿಗೂ ಗೊತ್ತಿರಬೇಕು. ಈ ಮಾತನ್ನು ಎರಡೂ ಮನೆಯ ಹಿರಿಯರು, ಎರಡೂ ಕಡೆಯ ಪಾದ್ರಿಗಳು ಹಾಲ್ ಬುಕ್ ಮಾಡುವ ಮುಂಚೆಯೇ ಆಡಿ ಮುಗಿಸಲಿ.